ಹೊಸಬ ಗೆದ್ದನಾ, ಹಳಬ ಮುಗಿದಿದ್ದನಾ?

ಪ್ರಶ್ನೆ: ಹಳೆಯ ಬಾಕ್ಸಿಂಗ್ ಪಂದ್ಯಗಳ ವಿಡಿಯೋಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಜೋ ಲೂಯಿಯನ್ನು ಮಾರ್ಸಿಯಾನೋ ಕೆಡವಿದ್ದು, ಅಲಿಯನ್ನು ಹೋಮ್ಸ್ ಸೋಲಿಸಿದ್ದು, ಅದೇ ಹೋಮ್ಸ್‌ನನ್ನು ಟೈಸನ್ ಮಲಗಿಸಿದ್ದು, ಆಮೇಲೆ ಕ್ಲಿಟ್ಸ್ಕೋ ಮತ್ತು ಜೋಶುವಾ. ಎಲ್ಲದಕ್ಕೂ 'ಯುಗ ಬದಲಾದ ಪಂದ್ಯ' ಅಂತಲೇ ಹೆಸರು. ಹೊಸಬ ನಿಜಕ್ಕೂ ಅಷ್ಟು ದೊಡ್ಡವನಾ, ಅಥವಾ ಹಳಬ ಆಗಲೇ ಮುಗಿದುಹೋಗಿದ್ದನಾ? ನೋಡಿ ಹೇಳೋದು ಹೇಗೆ? ಇನ್ನೊಂದು, ಮುಗಿದಿದ್ದಾನೆ ಅಂತ ಗೊತ್ತಿದ್ದರೂ ಅವನನ್ನು ಯಾಕೆ ರಿಂಗಿಗೆ ಬಿಡುತ್ತಾರೆ?

ಉತ್ತರ: ನೀವು ನಾಲ್ಕು ಪಂದ್ಯಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೀರಿ. ನನಗೆ ಅವು ನಾಲ್ಕೂ ನಾಲ್ಕು ಥರ ಕಾಣುತ್ತವೆ. ಅಲಿಯ ಹತ್ತಿರ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಲೂಯಿ ಹತ್ತಿರ ಅರ್ಧ ಉಳಿದಿತ್ತು. ಹೋಮ್ಸ್ ಹತ್ತಿರ ಜನ ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇತ್ತು. ಕ್ಲಿಟ್ಸ್ಕೋ ಅಂತೂ ಇನ್ನೇನು ಗೆದ್ದೇಬಿಟ್ಟ ಅನ್ನುವಷ್ಟು ಹತ್ತಿರ ಬಂದಿದ್ದ. ಆ ರಾತ್ರಿ ಹಳಬನಲ್ಲಿ ಎಷ್ಟು ಉಳಿದಿತ್ತೋ, ಹೊಸಬನ ಗೆಲುವಿಗೆ ಅಷ್ಟೇ ಬೆಲೆ. ನಾನು ಲೆಕ್ಕ ಹಾಕೋದು ಹೀಗೆ.

ಉಳಿದಿದ್ದು ಎಷ್ಟು ಅಂತ ಅಳೆಯಬೇಕಾದರೆ ಮೊದಲು ಏನು ಹೋಗುತ್ತದೆ ಅನ್ನೋದು ಗೊತ್ತಿರಬೇಕು. ವಯಸ್ಸಾಯಿತು ಅಂದ ಕೂಡಲೇ ಹೊಡೆತದ ಬಲ ಕುಂದಿತು ಅಂತ ಜನ ಅಂದುಕೊಳ್ಳುತ್ತಾರೆ. ಬಲ ಹೋಗೋದು ಎಲ್ಲಕ್ಕಿಂತ ಕೊನೆಗೆ. ಜಾರ್ಜ್ ಫೋರ್‌ಮನ್ 1994ರಲ್ಲಿ ಮೈಕಲ್ ಮೂರರ್ ಜೊತೆ ಆಡಿದಾಗ ಅವನಿಗೆ 45, ಮೂರರ್‌ಗೆ 26. ಒಂಬತ್ತು ಸುತ್ತು ಏಟು ತಿಂದು ಪಾಯಿಂಟ್ಸ್‌ನಲ್ಲಿ ಮೂರೂ ತೀರ್ಪುಗಾರರ ಹತ್ತಿರ ಹಿಂದಿದ್ದ. ಹತ್ತನೇ ಸುತ್ತಿನಲ್ಲಿ ಒಂದು ಗಿಡ್ಡ ಬಲಗೈ ಹೊಡೆತ, ಮೂರರ್ ಅಂಗಾತ ಬಿದ್ದ. ಕಾಲು ಹೋಗಿತ್ತು, ವೇಗ ಹೋಗಿತ್ತು, ಕೈ ಮಾತ್ರ ಹಾಗೇ ಇತ್ತು.

ಮೊದಲು ಹೋಗೋದು ಟೈಮಿಂಗ್. ಎದುರಾಳಿಯ ಗಲ್ಲ ತೆರೆದುಕೊಂಡಿದ್ದು ಕಣ್ಣಿಗೆ ಕಾಣುತ್ತದೆ. ಕೈ ಹೊರಡುವ ಹೊತ್ತಿಗೆ ಗಲ್ಲ ಅಲ್ಲಿರಲ್ಲ. ಬಾಕ್ಸಿಂಗ್‌ನವರು ಇದಕ್ಕೆ 'ಟ್ರಿಗರ್ ಎಳೆಯೋಕೆ ಆಗ್ತಿಲ್ಲ' ಅನ್ನುತ್ತಾರೆ. ಕೋಚ್ ಫ್ರೆಡ್ಡಿ ರೋಚ್ 2007ರಲ್ಲಿ ಆಸ್ಕರ್ ಡಿ ಲಾ ಹೋಯಾನನ್ನು ಫ್ಲಾಯ್ಡ್ ಮೇವೆದರ್ ಎದುರಿನ ಪಂದ್ಯಕ್ಕೆ ತಯಾರು ಮಾಡಿದ್ದರು. ಡಿ ಲಾ ಹೋಯಾಗೆ ಟ್ರಿಗರ್ ಎಳೆಯೋಕೆ ಆಗ್ತಿಲ್ಲ ಅನ್ನೋದನ್ನು ಅವರು ಆಗಲೇ ಗಮನಿಸಿದ್ದರು. ಮುಂದಿನ ವರ್ಷ ತನ್ನ ಹುಡುಗ ಮ್ಯಾನಿ ಪ್ಯಾಕಿಯಾವೋನನ್ನು ಅದೇ ಡಿ ಲಾ ಹೋಯಾ ಎದುರು ನಿಲ್ಲಿಸಿದಾಗ ರೋಚ್ ಇಟ್ಟ ನಂಬಿಕೆಯೆಲ್ಲ ಅದರ ಮೇಲೇ. ಡಿಸೆಂಬರ್ 6, 2008. ಹಿಂದಿನ ಪಂದ್ಯಗಳಲ್ಲಿ ಪ್ಯಾಕಿಯಾವೋ ಎಷ್ಟು ಹಗುರ ಇದ್ದ ಅಂತ ನೋಡಿ ಎಲ್ಲರೂ ಇದನ್ನು ತಮಾಷೆ ಪಂದ್ಯ ಅಂದಿದ್ದರು. ಎಂಟು ಸುತ್ತು ಮುಗಿಸಿ ಡಿ ಲಾ ಹೋಯಾ ಸ್ಟೂಲಿನಿಂದ ಏಳಲಿಲ್ಲ. ರೋಚ್ ಕಂಡಿದ್ದು ಹೊರಗಿನವರಿಗೆ ಕಾಣಿಸಿರಲಿಲ್ಲ, ಅಷ್ಟೇ.

ಹೊರಗಿನವರಿಗೆ ಯಾಕೆ ಕಾಣಲ್ಲ ಅಂದರೆ, ಅವರಿಗೆ ತೋರಿಸೋದು ಪ್ಯಾಡ್ ವರ್ಕ್, ಅಂದರೆ ಕೋಚ್ ಕೈಯಲ್ಲಿ ಹಿಡಿದ ಮೆತ್ತನೆ ಪ್ಯಾಡ್‌ಗೆ ಹೊಡೆಯೋ ಅಭ್ಯಾಸ. ನಾನು ವರ್ಷಗಟ್ಟಲೆ ಪ್ಯಾಡ್ ಹಿಡಿದವನು, ಅದಕ್ಕೇ ಹೇಳುತ್ತೇನೆ: ಪ್ಯಾಡ್ ಸುಳ್ಳು ಹೇಳುತ್ತದೆ. ಎಡ, ಎಡ, ಬಲ, ಬಗ್ಗು, ಹುಕ್ (ಪಕ್ಕದಿಂದ ಬಾಗಿ ಬರುವ ಹೊಡೆತ). ಆ ತಾಳ ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಅವನ ಕೈ ಬರುವ ಜಾಗಕ್ಕೆ ಪ್ಯಾಡ್ ಒಡ್ಡುತ್ತೇನೆ. 'ಠಪ್' ಅಂತ ಸದ್ದು ಬರುತ್ತದೆ, ನೋಡುವವರು ವಾಹ್ ಅನ್ನುತ್ತಾರೆ. ಅದೇ ಮನುಷ್ಯನನ್ನು ಇಪ್ಪತ್ತು ವಯಸ್ಸಿನ ಹುಡುಗನ ಜೊತೆ ಅಭ್ಯಾಸದ ಕಾದಾಟಕ್ಕೆ, ಅಂದರೆ ಸ್ಪಾರಿಂಗ್‌ಗೆ ಇಳಿಸಿ, ಮೂರನೇ ಸುತ್ತಿನಲ್ಲಿ ನೋಡಿ. ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಹೊಡೆತ, ಹೋಗುವಾಗ ಭುಜದ ಎತ್ತರದಲ್ಲಿ ಹೋಗುತ್ತದೆ, ವಾಪಸ್ ಬರುವಾಗ ಎದೆಯ ಮಟ್ಟಕ್ಕೆ ಜೋಲುತ್ತದೆ. ಹೊಡೆಯುವ ಮೊದಲು ಮುಂಗಾಲನ್ನು ಸುಮ್ನೆ ಒಂದು ಇಂಚು ಸರಿಸಿಕೊಳ್ಳುತ್ತಾನೆ, ಮೊದಲು ಆ ಚಾಳಿ ಇರಲಿಲ್ಲ. ಏಟು ತಪ್ಪಿಸಿಕೊಳ್ಳೋದು ಬಿಟ್ಟು ಗ್ಲೋವ್ಸ್‌ನಿಂದ ತಡೆಯೋಕೆ ಶುರು ಮಾಡುತ್ತಾನೆ. ಹಗ್ಗದ ಹತ್ತಿರ ಹೋಗಿ ನಿಂತರೆ ಅದು ತಂತ್ರ ಅಂತ ಅವನೇ ಹೇಳಿಕೊಳ್ಳುತ್ತಾನೆ. ಕಾಲಿಗೆ ಒಂದು ಗಳಿಗೆ ವಿಶ್ರಾಂತಿ ಬೇಕಾಗಿರುತ್ತದೆ, ಬೇರೇನಿಲ್ಲ.

ಈ ಕಣ್ಣಿಟ್ಟುಕೊಂಡು ಅಲಿ ಮತ್ತು ಹೋಮ್ಸ್ ಪಂದ್ಯಕ್ಕೆ ಬನ್ನಿ. ಅಕ್ಟೋಬರ್ 2, 1980, ಲಾಸ್ ವೇಗಸ್. ಅಲಿಗೆ 38. ಎರಡು ವರ್ಷ ರಿಂಗಿಗೆ ಇಳಿದಿರಲಿಲ್ಲ. ಮೈ ಇಳಿಸಿ, ಕೂದಲಿಗೆ ಬಣ್ಣ ಹಚ್ಚಿ, ಸುಮಾರು 217 ಪೌಂಡ್ ತೂಕದಲ್ಲಿ ಬಂದು ನಿಂತಾಗ ಹತ್ತು ವರ್ಷ ಚಿಕ್ಕವನ ಹಾಗೆ ಕಾಣುತ್ತಿದ್ದ. ತೂಕ ಅಷ್ಟು ಬೇಗ ಇಳಿದದ್ದರ ಹಿಂದೆ ಥೈರಾಯ್ಡ್ ಮಾತ್ರೆಯೂ ಇತ್ತು ಅನ್ನೋದು ಆಮೇಲೆ ಹೊರಬಂತು. ಕನ್ನಡಿಯಲ್ಲಿ ಹುಡುಗ, ಒಳಗೆ ನೀರಿಲ್ಲದ ಬಾವಿ.

ಎದುರಿಗಿದ್ದ ಲ್ಯಾರಿ ಹೋಮ್ಸ್ ಹಿಂದೆ ಅಲಿಯ ಸ್ಪಾರಿಂಗ್ ಹುಡುಗ. ಗುರುವಿನ ಜ್ಯಾಬ್ ತಿಂದು ತಿಂದೇ ತನ್ನ ಜ್ಯಾಬ್ ಕಲಿತವನು. ಮೊದಲ ಸುತ್ತಿನಿಂದಲೇ ಅದು ಪಂದ್ಯವಾಗಿರಲಿಲ್ಲ. ಅಲಿ ಹೊಡೆಯೋದೇ ಇಲ್ಲ. ಕೈ ಎತ್ತುತ್ತಾನೆ, ಮುಖ ಮಾಡುತ್ತಾನೆ, ಬಾಯಿ ಮಾತಾಡುತ್ತದೆ, ಏಟು ಬರಲ್ಲ. ಮೂವರು ತೀರ್ಪುಗಾರರೂ ಹತ್ತಕ್ಕೆ ಹತ್ತು ಸುತ್ತು ಹೋಮ್ಸ್‌ಗೆ ಕೊಟ್ಟರು. ವಿಡಿಯೋದಲ್ಲಿ ಹೋಮ್ಸ್ ಮುಖ ನೋಡಿ. ಹೊಡೆದು ರೆಫರಿ ಕಡೆ ನೋಡುತ್ತಾನೆ, ನಿಲ್ಲಿಸಪ್ಪ ಅನ್ನೋ ಹಾಗೆ. ಹತ್ತನೇ ಸುತ್ತು ಮುಗಿದ ಮೇಲೆ ಕೋಚ್ ಆಂಜೆಲೋ ಡಂಡಿ ಸಾಕು ಅಂದರು. ಅಲಿಯ ಜೊತೆಗಾರ ಬುಂಡಿನಿ ಬ್ರೌನ್ ಇನ್ನೊಂದೇ ಸುತ್ತು ಅಂತ ಅವರ ಬಟ್ಟೆ ಹಿಡಿದು ಗೋಗರೆದ. ಡಂಡಿ ಕೇಳಲಿಲ್ಲ. ಅಲಿಯ ಇಡೀ ವೃತ್ತಿಯಲ್ಲಿ ಅವನ ಪಂದ್ಯವನ್ನು ಅರ್ಧಕ್ಕೆ ನಿಲ್ಲಿಸಿದ್ದು ಅದೊಂದೇ ಸಲ. ಗೆದ್ದ ಹೋಮ್ಸ್ ಅತ್ತ.

ಇದನ್ನು 'ಪಟ್ಟ ಕೈ ಬದಲಾದ ರಾತ್ರಿ' ಅನ್ನೋದು ನನಗೆ ಸರಿ ಕಾಣಲ್ಲ. ಪಟ್ಟ ಹೋಮ್ಸ್ ಹತ್ತಿರವೇ ಇತ್ತು. 1978ರ ಜೂನ್‌ನಲ್ಲಿ ಕೆನ್ ನಾರ್ಟನ್ ಜೊತೆ ಹದಿನೈದು ಸುತ್ತು ಹೊಡೆದಾಡಿ ಗಳಿಸಿದ್ದು. ಹೋಮ್ಸ್ ಎಂಥವನು ಅಂತ ತಿಳಿಯಬೇಕಾದರೆ ಅದನ್ನು ನೋಡಿ, ಅದರಲ್ಲೂ ಕೊನೆಯ ಸುತ್ತು. ಅಲಿ ಪಂದ್ಯದಿಂದ ಹೋಮ್ಸ್ ಬಗ್ಗೆ ಹೊಸದಾಗಿ ಏನೂ ಗೊತ್ತಾಗಲ್ಲ. ಪಾಪ, ಜನ ಅವನನ್ನು ನೆನಪಿಟ್ಟುಕೊಂಡಿದ್ದು ಮಾತ್ರ 'ಅಲಿಯನ್ನು ಹೊಡೆದವನು' ಅಂತ.

ಇನ್ನು, ಗೊತ್ತಿದ್ದರೂ ಯಾಕೆ ಬಿಡುತ್ತಾರೆ ಅಂತ ಕೇಳಿದಿರಲ್ಲ. ಗೊತ್ತಿತ್ತು. 1977ರ ಸೆಪ್ಟೆಂಬರ್‌ನಲ್ಲಿ ಎರ್ನಿ ಶೇವರ್ಸ್ ಜೊತೆ ಅಲಿ ಆಡಿ ಗೆದ್ದ, ಆದರೆ ವಿಪರೀತ ಏಟು ತಿಂದ. ಅವನ ಡಾಕ್ಟರ್ ಫರ್ಡಿ ಪಚೆಕೋ ಪರೀಕ್ಷೆಯ ವರದಿ ನೋಡಿ, ಕಿಡ್ನಿ ಹಾಳಾಗುತ್ತಿದೆ, ಬಿಡಿಸಿ ಅಂತ ಅಲಿಯ ಕಡೆಯವರಿಗೆ ಬರೆದರು. ಉತ್ತರ ಬರಲಿಲ್ಲ. ಪಚೆಕೋ ಕೆಲಸ ಬಿಟ್ಟರು. ಹೋಮ್ಸ್ ಪಂದ್ಯಕ್ಕೆ ಮೂರು ವರ್ಷ ಮೊದಲಿನ ಮಾತು ಇದು. ಆ ನಡುವೆ 1978ರ ಫೆಬ್ರವರಿಯಲ್ಲಿ ಬರೀ ಏಳು ವೃತ್ತಿಪರ ಪಂದ್ಯ ಆಡಿದ್ದ ಲಿಯಾನ್ ಸ್ಪಿಂಕ್ಸ್‌ಗೆ ಅಲಿ ಸೋತೂ ಬಿಟ್ಟಿದ್ದ. ಆಗಲೂ ಪತ್ರಿಕೆಗಳು ಯುಗಾಂತ್ಯ ಅಂದವು. ಏಳು ತಿಂಗಳಲ್ಲಿ ಅಲಿ ಪಟ್ಟ ವಾಪಸ್ ತಗೊಂಡ, ಸ್ಪಿಂಕ್ಸ್ ಮತ್ತೆ ಮೇಲೇಳಲಿಲ್ಲ. ಹಳಬ ಚಿಕ್ಕ ಹುಡುಗನಿಗೆ ಸೋತ ಮಾತ್ರಕ್ಕೆ ಆ ಹುಡುಗ ಉತ್ತರಾಧಿಕಾರಿ ಆಗಲ್ಲ, ಅಲ್ವಾ?

ಲೂಯಿ ಮತ್ತು ಮಾರ್ಸಿಯಾನೋ ಪಂದ್ಯ ಇದಕ್ಕಿಂತ ಪ್ರಾಮಾಣಿಕ. ಅಕ್ಟೋಬರ್ 26, 1951, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಲೂಯಿಗೆ 37, ಮಾರ್ಸಿಯಾನೋಗೆ 28. ಲೂಯಿ ಆಗ ಚಾಂಪಿಯನ್ ಆಗಿರಲಿಲ್ಲ. 1937ರಿಂದ 1949ರ ತನಕ ಪಟ್ಟ ಹಿಡಿದು, 25 ಸಲ ಉಳಿಸಿಕೊಂಡು, ನಿವೃತ್ತಿ ಹೇಳಿ, ವಾಪಸ್ ಬಂದು 1950ರಲ್ಲಿ ಎಜ್ಜರ್ಡ್ ಚಾರ್ಲ್ಸ್‌ಗೆ ಸೋತಿದ್ದ. ಆದರೂ ಬಾಜಿ ಕಟ್ಟುವವರು ಮಾರ್ಸಿಯಾನೋಗಿಂತ ಲೂಯಿಯನ್ನೇ ಸ್ವಲ್ಪ ಜಾಸ್ತಿ ನಂಬಿದ್ದರು.

ಮೊದಲ ಸುತ್ತುಗಳಲ್ಲಿ ಲೂಯಿಯ ಜ್ಯಾಬ್ ನೋಡಿ. ಅದು ಇನ್ನೂ ಜಗತ್ತಿನ ಒಳ್ಳೆಯ ಜ್ಯಾಬ್‌ಗಳಲ್ಲಿ ಒಂದು. ಮಾರ್ಸಿಯಾನೋ ಮುಖಕ್ಕೆ ಅದು ಸಿಗುತ್ತಲೇ ಇದೆ. ಕಾಣೆಯಾಗಿರೋದು ಬಲಗೈ. ಮೊದಲೆಲ್ಲ ಜ್ಯಾಬ್ ತಾಗಿದ ಮರುಕ್ಷಣ ಹಿಂದಿನಿಂದ ಬಲಗೈ ಬರುತ್ತಿತ್ತು. ಅದಕ್ಕೇ ಎದುರಾಳಿಗಳು ಆ ಜ್ಯಾಬ್‌ಗೆ ಹೆದರುತ್ತಿದ್ದರು. ಈಗ ಜ್ಯಾಬ್ ಒಂಟಿ. ಮಾರ್ಸಿಯಾನೋಗೆ ಇದು ನಾಲ್ಕೈದು ಸುತ್ತಿನಲ್ಲಿ ಅರ್ಥವಾಗಿರಬೇಕು. ಆಮೇಲೆ ಅವನು ಒಂದು ಜ್ಯಾಬ್ ತಿಂದು ಒಳನುಗ್ಗಿ ತೋಳಿಗೆ, ಪಕ್ಕೆಗೆ, ಎಲ್ಲಿ ಸಿಗುತ್ತೋ ಅಲ್ಲಿಗೆ ಹೊಡೆಯೋಕೆ ಶುರು ಮಾಡಿದ. ಎಂಟನೇ ಸುತ್ತಿನಲ್ಲಿ ಎಡಗೈ ಹುಕ್, ಲೂಯಿ ಕೆಳಗೆ. ಎಂಟರ ಎಣಿಕೆಗೆ ಎದ್ದ. ಮತ್ತೆ ಎಡಗೈ, ಅದರ ಬೆನ್ನಿಗೆ ಬಲಗೈ. ಲೂಯಿ ಹಗ್ಗಗಳ ನಡುವಿನಿಂದ ಹಿಂದಕ್ಕೆ ಜಾರಿ ರಿಂಗಿನ ಅಂಚಿಗೆ ಬಿದ್ದ, ತಲೆ ಹೊರಗೆ, ಕಾಲು ಒಳಗೆ. ರೆಫರಿ ರೂಬಿ ಗೋಲ್ಡ್‌ಸ್ಟೀನ್ ಎಣಿಸಲೂ ಹೋಗಲಿಲ್ಲ, ಕೈ ಬೀಸಿಬಿಟ್ಟ. ಮಾರ್ಸಿಯಾನೋ ಆಮೇಲೆ ಡ್ರೆಸಿಂಗ್ ರೂಮಿನಲ್ಲಿ ಅತ್ತನಂತೆ. ಈ ಪಂದ್ಯಗಳಲ್ಲಿ ಗೆದ್ದವರು ಅಳೋದು ಜಾಸ್ತಿ.

ಲೂಯಿ ಆಮೇಲೆ ಹೇಳಿದ ಒಂದು ಮಾತಿನ ಸಾರ ನನಗೆ ಯಾವಾಗಲೂ ನೆನಪಾಗುತ್ತದೆ. 1936ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್ ಅವನನ್ನು ಮಲಗಿಸಲು ಹನ್ನೆರಡು ಸುತ್ತು ಹೊಡೆಯಬೇಕಾಯಿತು, ಮಾರ್ಸಿಯಾನೋಗೆ ಒಂದೆರಡು ಹೊಡೆತ ಸಾಕಾಯಿತು. ಹಾಗಾದರೆ ಮಾರ್ಸಿಯಾನೋ ಹೊಡೆತ ಅಷ್ಟು ಜೋರಾ ಅಂದರೆ, ಆಗ ನನಗೆ 22 ವಯಸ್ಸಿತ್ತು ಅನ್ನೋದು ಲೂಯಿಯ ಉತ್ತರ. ಏಟು ತಡೆದುಕೊಳ್ಳುವ ತಾಕತ್ತೂ ಖಾಲಿಯಾಗುವ ಡಬ್ಬಿ. ಅಭ್ಯಾಸ ಮಾಡಿ ಅದನ್ನು ಮತ್ತೆ ತುಂಬಿಸೋಕೆ ಆಗಲ್ಲ.

ನನ್ನ ಲೆಕ್ಕದಲ್ಲಿ ಇದರಿಂದ ಮಾರ್ಸಿಯಾನೋಗೆ ಅರ್ಧ ಅಂಕ. ಉಳಿದ ಅರ್ಧ ಅವನು ಮುಂದಿನ ವರ್ಷ ಜೆರ್ಸಿ ಜೋ ವಾಲ್ಕಟ್‌ನನ್ನು ಹದಿಮೂರನೇ ಸುತ್ತಿನಲ್ಲಿ ಒಂದೇ ಬಲಗೈಯಿಂದ ಕೆಡವಿ ಪಟ್ಟ ಗೆದ್ದಾಗ ಸಂಪಾದಿಸಿದ್ದು. ವಾಲ್ಕಟ್ ಕೂಡ ಆಗ 38ರವನೇ, ಆದರೆ ಆ ರಾತ್ರಿ ಅವನು ಮೊದಲ ಸುತ್ತಿನಲ್ಲೇ ಮಾರ್ಸಿಯಾನೋನನ್ನು ನೆಲ ಮುಟ್ಟಿಸಿದ್ದ.

ಹೋಮ್ಸ್ ಮತ್ತು ಟೈಸನ್ ಪಂದ್ಯವನ್ನು ಜನ 'ಮುದುಕನನ್ನು ಹೊಡೆದ' ಅಂತ ತಳ್ಳಿಹಾಕುತ್ತಾರೆ. ಜನವರಿ 22, 1988. ಹೋಮ್ಸ್‌ಗೂ ಆಗ 38, ಅಲಿ ಅವನೆದುರು ನಿಂತಾಗ ಇದ್ದಷ್ಟೇ ವಯಸ್ಸು. ಟೈಸನ್‌ಗೆ 21. ರಿಂಗಿನ ಪಕ್ಕ ಅಲಿಯೂ ಬಂದಿದ್ದ. ಹೋಮ್ಸ್ ಇಪ್ಪತ್ತೊಂದು ತಿಂಗಳು ಆಡಿರಲಿಲ್ಲ. ಮೂರು ಸುತ್ತು ಟೈಸನ್‌ನ ಕೈ ಕಟ್ಟಿ, ಒರಗಿ, ಹೇಗೋ ಕಳೆದ. ನಾಲ್ಕನೆಯದರಲ್ಲಿ ಇದ್ದಕ್ಕಿದ್ದಂತೆ ತುದಿಗಾಲಲ್ಲಿ ಕುಣಿದು ಹಳೇ ಜ್ಯಾಬ್ ಹಾಕೋಕೆ ಶುರು ಮಾಡಿದ. ಒಂದು ನಿಮಿಷ 1980ರ ಹೋಮ್ಸ್ ಕಂಡ. ಆಮೇಲೆ ಟೈಸನ್‌ನ ಬಲಗೈ ಬಂತು. ಹೋಮ್ಸ್ ಮೂರು ಸಲ ಬಿದ್ದ. ಸುತ್ತು ಮುಗಿಯಲು ಐದು ಸೆಕೆಂಡ್ ಇದ್ದಾಗ ಪಂದ್ಯ ಮುಗಿಯಿತು.

ಈಗ ಇದರ ಮುಂದಿನ ಕಥೆ ನೋಡಿ. ಹೋಮ್ಸ್ ಮುಗಿದಿರಲಿಲ್ಲ. 1992ರಲ್ಲಿ, 42ನೇ ವಯಸ್ಸಿನಲ್ಲಿ, ಅಜೇಯನಾಗಿದ್ದ ರೇ ಮರ್ಸರ್‌ನನ್ನು ಸೋಲಿಸಿದ. ಅದೇ ವರ್ಷ ಆಗಿನ ಚಾಂಪಿಯನ್ ಹೋಲಿಫೀಲ್ಡ್ ಜೊತೆ ಹನ್ನೆರಡು ಸುತ್ತೂ ನಿಂತ. 75 ಪಂದ್ಯಗಳ ವೃತ್ತಿಯಲ್ಲಿ ಅವನನ್ನು ಮಲಗಿಸಿದವನು ಟೈಸನ್ ಒಬ್ಬನೇ. ಹಾಗಾಗಿ ಹಳಬನಲ್ಲಿ ಎಷ್ಟು ಉಳಿದಿತ್ತು ಅನ್ನೋದಕ್ಕೆ ಪಂದ್ಯದ ಹಿಂದಿನ ಎರಡು ವರ್ಷ ಹೇಗೆ ಸಾಕ್ಷಿಯೋ, ಮುಂದಿನ ನಾಲ್ಕು ವರ್ಷವೂ ಹಾಗೇ. ಆ ರಾತ್ರಿ ಟೈಸನ್ ಮಾಡಿದ್ದನ್ನು ನಾನು ಜನ ಕೊಡುವುದಕ್ಕಿಂತ ಜಾಸ್ತಿ ಮೆಚ್ಚುತ್ತೇನೆ.

ನಿಮ್ಮ ಪಟ್ಟಿಯಲ್ಲಿ ಒಂದು ಪಂದ್ಯ ಬಿಟ್ಟುಹೋಗಿದೆ, ನನಗೆ ಎಲ್ಲಕ್ಕಿಂತ ಕುತೂಹಲ ಅದರ ಮೇಲೇ. ವ್ಲಾದಿಮಿರ್ ಕ್ಲಿಟ್ಸ್ಕೋ ಜೋಶುವಾಗೆ ಸೋಲುವ ಮೊದಲೇ ಪಟ್ಟ ಕಳೆದುಕೊಂಡಿದ್ದ. ನವೆಂಬರ್ 28, 2015, ಡ್ಯುಸೆಲ್‌ಡಾರ್ಫ್, ಎದುರಾಳಿ ಟೈಸನ್ ಫ್ಯೂರಿ. ಕ್ಲಿಟ್ಸ್ಕೋ ಹನ್ನೊಂದು ವರ್ಷದಿಂದ ಸೋತಿರಲಿಲ್ಲ. ಅವತ್ತು ಹನ್ನೆರಡು ಸುತ್ತು ನಿಂತು ನೋಡಿದ. ಎಣಿಸಿದವರ ಲೆಕ್ಕದಲ್ಲಿ ತಾಗಿದ ಅವನ ಹೊಡೆತ 52, ಸುತ್ತಿಗೆ ನಾಲ್ಕು ಚಿಲ್ಲರೆ. ಒಂದು ಸಲವಾದರೂ ಯಾರೂ ಬೀಳಲಿಲ್ಲ, ನೋಡೋಕೂ ಬೇಜಾರು. ಎಲ್ಲರೂ ಅಂದಿದ್ದು ಒಂದೇ: ಮುದುಕ ಮುಗಿದ, ಟ್ರಿಗರ್ ಹೋಗಿದೆ.

ಹದಿನೇಳು ತಿಂಗಳು ಬಿಟ್ಟು, ಏಪ್ರಿಲ್ 29, 2017ರಂದು ವೆಂಬ್ಲಿಯಲ್ಲಿ ಸುಮಾರು 90,000 ಜನರೆದುರು ಅದೇ ಮನುಷ್ಯ ಬಂದ. ಈಗ 41. ಜೋಶುವಾಗೆ 27, ಆಡಿದ 18 ಪಂದ್ಯಗಳನ್ನೂ ನಾಕೌಟ್‌ನಲ್ಲೇ ಗೆದ್ದವನು. ಐದನೇ ಸುತ್ತಿನಲ್ಲಿ ಕ್ಲಿಟ್ಸ್ಕೋ ಬಿದ್ದ. ಎದ್ದವನೇ ಅದೇ ಸುತ್ತು ಮುಗಿಯುವಷ್ಟರಲ್ಲಿ ಜೋಶುವಾನನ್ನು ತತ್ತರಿಸುವಂತೆ ಮಾಡಿದ. ಆರನೇ ಸುತ್ತಿನಲ್ಲಿ ಒಂದು ನೇರ ಬಲಗೈ, ಜೋಶುವಾ ನೆಲಕ್ಕೆ. ಡ್ಯುಸೆಲ್‌ಡಾರ್ಫ್‌ನಲ್ಲಿ ಕಾಣೆಯಾಗಿದ್ದ ಅದೇ ಬಲಗೈ! ಹೋಗಿದೆ ಅಂದುಕೊಂಡ ಟ್ರಿಗರ್ ಹಾಗಾದರೆ ಎಲ್ಲಿತ್ತು?

ನನ್ನ ಉತ್ತರ ಇದು. ಡ್ಯುಸೆಲ್‌ಡಾರ್ಫ್‌ನಲ್ಲಿ ಕ್ಲಿಟ್ಸ್ಕೋನ ಕೈ ಕಟ್ಟಿದ್ದರಲ್ಲಿ ವಯಸ್ಸಿನ ಪಾಲು ಕಡಿಮೆ, ಫ್ಯೂರಿಯ ಪಾಲು ಜಾಸ್ತಿ. ಫ್ಯೂರಿ ಕ್ಲಿಟ್ಸ್ಕೋಗಿಂತ ಎತ್ತರ, ಅದರ ಮೇಲೆ ಸೊಂಟ, ತಲೆ, ಭುಜ ಎಲ್ಲ ಅಲ್ಲಾಡಿಸುತ್ತಲೇ ಇದ್ದ. ಹೊಡೆಯುವ ಹಾಗೆ ಮಾಡಿ ಹೊಡೆಯದೆ ಬಿಡೋದು, ನಿಲುವು ಬದಲಿಸೋದು. ಕ್ಲಿಟ್ಸ್ಕೋ ದೂರ ಅಳೆದು, ಜ್ಯಾಬ್‌ನಿಂದ ಗುರಿ ಹಿಡಿದು, ಆಮೇಲೆ ಬಲಗೈ ಬಿಡುವವನು. ಗುರಿ ನಿಲ್ಲದಿದ್ದರೆ ಅವನು ಬಿಡೋದೇ ಇಲ್ಲ. ಜೋಶುವಾ ಎದುರಿಗೇ ನಿಲ್ಲುತ್ತಾನೆ, ಗುರಿ ಸಿಕ್ಕಿತು. ಹೊರಗಿನಿಂದ ನೋಡುವವರಿಗೆ 'ವಯಸ್ಸಾದ ಕೈ' ಮತ್ತು 'ಗೊಂದಲದ ಕೈ' ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಹಿಡಿಯೋಕೆ ಒಂದೇ ದಾರಿ, ಅದೇ ಮನುಷ್ಯನನ್ನು ಬೇರೆ ಎದುರಾಳಿ ಜೊತೆ ನೋಡೋದು.

ವೆಂಬ್ಲಿಯಲ್ಲಿ ವಯಸ್ಸು ಕಂಡಿದ್ದು ಬೇರೆ ಜಾಗದಲ್ಲಿ. ಆರನೇ ಸುತ್ತಿನಲ್ಲಿ ಜೋಶುವಾ ಎದ್ದಾಗ ಕಾಲು ಅಲ್ಲಾಡುತ್ತಿತ್ತು. ಹತ್ತು ವರ್ಷ ಹಿಂದಿನ ಕ್ಲಿಟ್ಸ್ಕೋ ಅವನನ್ನು ಮುಗಿಸುತ್ತಿದ್ದ. ಈ ಕ್ಲಿಟ್ಸ್ಕೋ ಕಾದ. ಶಕ್ತಿ ಉಳಿಸಿಕೊಂಡನೋ, ಪಾಯಿಂಟ್ಸ್ ಮೇಲೆ ಗೆಲ್ಲಬಹುದು ಅಂದುಕೊಂಡನೋ, ಏಳು, ಎಂಟು, ಒಂಬತ್ತನೇ ಸುತ್ತುಗಳನ್ನು ಜೋಶುವಾಗೆ ಉಸಿರಾಡೋಕೆ ಬಿಟ್ಟ. ಹತ್ತು ಸುತ್ತಿನ ಕೊನೆಗೆ ಇಬ್ಬರು ತೀರ್ಪುಗಾರರು ಜೋಶುವಾ ಕಡೆ, ಒಬ್ಬರು ಕ್ಲಿಟ್ಸ್ಕೋ ಕಡೆ. ಹನ್ನೊಂದರಲ್ಲಿ ಜೋಶುವಾನ ಬಲಗೈ ಅಪ್ಪರ್‌ಕಟ್ ಬಂದು ಕ್ಲಿಟ್ಸ್ಕೋ ಗಲ್ಲವನ್ನು ಮೇಲಕ್ಕೆ ಎತ್ತಿತು. ಎರಡು ಸಲ ಬಿದ್ದ, ಎರಡೂ ಸಲ ಎದ್ದ, ಹಗ್ಗದ ಹತ್ತಿರ ರೆಫರಿ ನಿಲ್ಲಿಸಿದ. ಉತ್ತರಾಧಿಕಾರಿ ಅನ್ನೋ ಮಾತಿಗೆ ನಾನು ಪೂರ್ತಿ ಅಂಕ ಕೊಡೋದು ಇಂಥ ಪಂದ್ಯಕ್ಕೆ. ಹಳಬನಲ್ಲಿ ಗೆಲ್ಲುವಷ್ಟು ಇತ್ತು, ಹೊಸಬ ಅದನ್ನು ದಾಟಿ ಬರಬೇಕಾಯಿತು.

ಇದರಲ್ಲಿ ಎದುರಾಳಿ ವಯಸ್ಸಿನಲ್ಲಿ ಚಿಕ್ಕವನಾಗಿರಲೇಬೇಕು ಅಂತಲೂ ಇಲ್ಲ. 2002ರಲ್ಲಿ ಮೈಕ್ ಟೈಸನ್‌ನ ಹೆಸರನ್ನು ಅಳಿಸಿದ ಲೆನ್ನಾಕ್ಸ್ ಲೂಯಿಸ್ ಅವನಿಗಿಂತ ಸುಮಾರು ಹತ್ತು ತಿಂಗಳು ದೊಡ್ಡವನು. ರಿಂಗಿನ ವಯಸ್ಸು ಬೇರೆ, ಹುಟ್ಟಿದ ವರ್ಷ ಬೇರೆ. ಬರ್ನಾರ್ಡ್ ಹಾಪ್ಕಿನ್ಸ್ 43ನೇ ವಯಸ್ಸಿನಲ್ಲಿ 26ರ ಕೆಲ್ಲಿ ಪಾವ್ಲಿಕ್‌ಗೆ ಪಾಠ ಮಾಡಿ ಕಳಿಸಿದ. ಪಾವ್ಲಿಕ್ ಅಲ್ಲಿಯ ತನಕ ಒಂದೂ ಸೋತಿರಲಿಲ್ಲ. 2013ರಲ್ಲಿ 36ರ ಮೇವೆದರ್ 23ರ ಕನೆಲೋ ಅಲ್ವಾರೆಜ್‌ಗೆ ಮಾಡಿದ್ದೂ ಅದೇ. ಹಾಪ್ಕಿನ್ಸ್, ಮೇವೆದರ್ ಇಬ್ಬರೂ ಚಿಕ್ಕ ವಯಸ್ಸಿನಲ್ಲೇ ಏಟು ತಿನ್ನದೆ ಹೊಡೆಯೋದು ಕಲಿತವರು, ಅದಕ್ಕೇ ಅವರ ಡಬ್ಬಿ ಬೇಗ ಖಾಲಿಯಾಗಲಿಲ್ಲ.

ಮೇರಿ ಕೋಮ್ ಮತ್ತು ನಿಖತ್ ಜರೀನ್ ಕಥೆಯಲ್ಲಿ ಇನ್ನೊಂದು ತಿರುವು. ಒಲಿಂಪಿಕ್ ಅರ್ಹತಾ ಸುತ್ತಿಗೆ ನೇರ ಆಯ್ಕೆ ಬೇಡ, ಟ್ರಯಲ್ ಇಡಿ ಅಂತ ನಿಖತ್ ಹಟ ಹಿಡಿದರು. 2019ರ ಡಿಸೆಂಬರ್‌ನಲ್ಲಿ ಟ್ರಯಲ್ ಆಯಿತು. ಮೇರಿ 9-1ರಿಂದ ಗೆದ್ದರು, ಕೈ ಕುಲುಕಲಿಲ್ಲ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, 2022ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ನಿಖತ್ ವಿಶ್ವ ಚಾಂಪಿಯನ್ ಆದರು. ಹಳಬರನ್ನು ಸೋಲಿಸದೆಯೇ ಜಾಗಕ್ಕೆ ಬಂದವರು ಇವರು. ಹೀಗೂ ಆಗುತ್ತದೆ. ಪೋಸ್ಟರ್‌ಗೆ ಮಾತ್ರ ಇದು ಒಗ್ಗಲ್ಲ.

ಪೋಸ್ಟರ್ ಅಂದೆನಲ್ಲ, ನಿಮ್ಮ ಕೊನೆಯ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ಪ್ರಮೋಟರ್‌ಗೆ ಬೇಕಾಗಿರೋದು ಹೆಸರು ದೊಡ್ಡದು, ಅಪಾಯ ಸಣ್ಣದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. 1962ರಲ್ಲಿ ಇಪ್ಪತ್ತರ ಕ್ಯಾಷಿಯಸ್ ಕ್ಲೇ, ಅಂದರೆ ಮುಂದಿನ ಅಲಿ, ಎದುರಿಗೆ ನಿಲ್ಲಿಸಿದ್ದು ನಲವತ್ತೈದು ದಾಟಿದ ಆರ್ಚೀ ಮೂರ್‌ನನ್ನು. ಎರಡು ವರ್ಷ ಹಿಂದೆ ಕ್ಲೇ ಅದೇ ಮೂರ್ ಹತ್ತಿರ ಕಲಿಯೋಕೆ ಹೋಗಿ, ಕಸ ಗುಡಿಸು, ಪಾತ್ರೆ ತೊಳೆ ಅಂದಿದ್ದಕ್ಕೆ ಬೇಸತ್ತು ವಾಪಸ್ ಬಂದಿದ್ದ. ನಾಲ್ಕನೇ ಸುತ್ತಿನಲ್ಲಿ ಮಲಗಿಸುತ್ತೇನೆ ಅಂದ, ನಾಲ್ಕರಲ್ಲೇ ಮಲಗಿಸಿದ. ಟಿಕೆಟ್ ಮಾರಿತು, ಹುಡುಗನ ದಾಖಲೆಗೆ ಒಂದು ದೊಡ್ಡ ಹೆಸರು ಸೇರಿತು.

ಇನ್ನರ್ಧ ಹಳಬನ ಕಡೆ ಇದೆ, ಅದು ಬಹುಪಾಲು ದುಡ್ಡು. ಲೂಯಿ 1942ರಲ್ಲಿ ಎರಡು ಪಂದ್ಯದ ಗಳಿಕೆಯನ್ನು ಅಮೆರಿಕದ ನೌಕಾಪಡೆ ಮತ್ತು ಸೇನೆಯ ನಿಧಿಗಳಿಗೆ ಕೊಟ್ಟಿದ್ದ. ತೆರಿಗೆಯವರು ಆಮೇಲೆ ಅದಕ್ಕೂ ಲೆಕ್ಕ ಕೇಳಿದರು. ಬಡ್ಡಿ ಬೆಳೆದು ಬೆಟ್ಟವಾಯಿತು. ನಿವೃತ್ತಿಯಿಂದ ವಾಪಸ್ ಬಂದಿದ್ದೇ ಆ ಸಾಲಕ್ಕೆ. ದುಡ್ಡಿನ ತೊಂದರೆ ಇಲ್ಲದವರೂ ಬರುತ್ತಾರೆ ನಿಜ. ಬೆಳಿಗ್ಗೆ ಐದಕ್ಕೆ ಎದ್ದು ಓಡಿ, ಸಂಜೆ ಜನರ ಕೂಗು ಕೇಳಿ ಬೆಳೆದವನಿಗೆ ಮನೆಯಲ್ಲಿ ಸುಮ್ನೆ ಕೂರೋದು ಕಷ್ಟ. ಅದೂ ಅಲ್ಲದೆ ಪ್ಯಾಡ್ ಸದ್ದು ಅವನ ಕಿವಿಗೂ ಸುಳ್ಳೇ ಹೇಳುತ್ತಿರುತ್ತದೆ. 2024ರ ನವೆಂಬರ್‌ನಲ್ಲಿ 58ರ ಟೈಸನ್‌ನನ್ನು ಯೂಟ್ಯೂಬ್‌ನಿಂದ ಬಾಕ್ಸಿಂಗ್‌ಗೆ ಬಂದ 27ರ ಜೇಕ್ ಪಾಲ್ ಎದುರು ನಿಲ್ಲಿಸುವ ಮೊದಲೂ ಪ್ಯಾಡ್ ವಿಡಿಯೋಗಳೇ ಹರಿದಾಡಿದ್ದು. ಅದನ್ನು ನಾನು ಈ ಪಟ್ಟಿಗೆ ಸೇರಿಸಲ್ಲ, ಅದು ಜಾತ್ರೆ.

ತಡೆಯಬೇಕಾದವರು ಲೈಸೆನ್ಸ್ ಕೊಡುವವರು, ಡಾಕ್ಟರು, ಕೋಚ್. ಮೊದಲಿಬ್ಬರು ಕಾಗದ ನೋಡುತ್ತಾರೆ. ಮನುಷ್ಯನನ್ನು ನೋಡೋನು ಕೋಚ್ ಒಬ್ಬನೇ, ಅವನ ಸಂಬಳ ಆ ಮನುಷ್ಯನ ಜೇಬಿನಿಂದಲೇ ಬರಬೇಕು. ಇಷ್ಟರ ನಡುವೆ ಸರಿಯಾಗಿ ನಡೆದುಕೊಂಡ ಒಬ್ಬ ಕೋಚ್‌ನ ಪಂದ್ಯ ಹೇಳುತ್ತೇನೆ, ಹುಡುಕಿ ನೋಡಿ.

ಜೂನ್ 2005, ಮ್ಯಾಂಚೆಸ್ಟರ್. ಅಮೆರಿಕದ ಟಿವಿಗೆ ಹೊಂದಲಿ ಅಂತ ಪಂದ್ಯ ಶುರುವಾಗಿದ್ದು ಬೆಳಗಿನ ಜಾವ ಎರಡರ ಹೊತ್ತಿಗೆ. ಚಾಂಪಿಯನ್ ಕೋಸ್ಟ್ಯಾ ಜೂ, 35. ಎದುರಿಗೆ ಊರಿನ ಹುಡುಗ ರಿಕಿ ಹ್ಯಾಟನ್, 26. ಹ್ಯಾಟನ್ ಮೊದಲ ಸುತ್ತಿನಿಂದಲೂ ಮೈಗೆ ಮೈ ಒತ್ತಿ, ಜೂಗೆ ಬಲಗೈ ಬಿಚ್ಚಿಕೊಳ್ಳಲು ಜಾಗವೇ ಕೊಡಲಿಲ್ಲ. ಜೂ ಬೀಳಲಿಲ್ಲ. ಏಳೆಂಟನೇ ಸುತ್ತಿನ ತನಕ ಪಂದ್ಯ ಯಾರ ಕಡೆ ಅಂತ ಹೇಳೋದೂ ಕಷ್ಟ. ಜೂ ಹೊಡೆಯುತ್ತಲೇ ಇದ್ದ, ಪ್ರತಿ ಸುತ್ತಿಗೂ ಸ್ವಲ್ಪ ನಿಧಾನವಾಗಿ. ಹನ್ನೊಂದನೇ ಸುತ್ತು ಮುಗಿದ ಗಂಟೆ ಬಾರಿಸಿತು. ಉಳಿದಿದ್ದು ಮೂರೇ ನಿಮಿಷ. ಜೂ ಹೊಡೆದ ಒಂದು ಏಟು ತಾಗಿದರೆ ಪಟ್ಟ ಉಳಿಯಬಹುದಿತ್ತು, ಆ ಬಲ ಅವನಲ್ಲಿ ಇತ್ತು. ಅವನನ್ನು ಎಷ್ಟೋ ವರ್ಷದಿಂದ ಬಲ್ಲ ಕೋಚ್ ಜಾನಿ ಲೂಯಿಸ್ ಸ್ಟೂಲಿನ ಮುಂದೆ ಬಗ್ಗಿ ಮುಖ ನೋಡಿದರು, ರೆಫರಿಗೆ ಸಾಕು ಅಂದರು. ಹ್ಯಾಟನ್ ಕುಸಿದು ನೆಲದ ಮೇಲೆ ಬಿದ್ದ, ಖುಷಿಗೂ ಸುಸ್ತಿಗೂ. ಜೂ ಎದ್ದು, ಗೆದ್ದ ಹುಡುಗನನ್ನು ಹೊಗಳಿ ಹೋದ. ಆಮೇಲೆ ಅವನು ಒಂದೂ ಪಂದ್ಯ ಆಡಲಿಲ್ಲ.